ಸಾಮಿನ ಕಣದಿಂದ ಬೆಳ್ಳಿಯ ತೆರೆಗೆ

೧

ಮಲ್ಲನಿಗೂ ನಟನಿಗೂ ಇರುವ ಅಂತರವು ಎಲ್ಲರಿಗೂ ತಿಳಿದದ್ದೇ ಆಗಿದೆ. ಮಲ್ಲನು ಬಿದ್ದರೆ ನಿಜವಾಗಿಯೇ ಬೀಳುತ್ತಾನೆ. ನಟನು ಬಿದ್ದರೆ ತೆರೆ ಇಳಿದ ಮೇಲೆ ಮೈಕೊಡವಿಕೊಂಡು ಏಳುತ್ತಾನೆ. ಒಬ್ಬನಿಗೆ ಎದುರಾಳಿಯೇ ಪರೀಕ್ಷಕ. ಇನ್ನೊಬ್ಬನಿಗೆ ಸಭಿಕರ ಕಣ್ಣೇ ಪರೀಕ್ಷಕ. ಆದರೆ ಈ ಎರಡು ವೃತ್ತಿಗಳ ನಡುವೆ ನಾವು ಎಣಿಸಿಕೊಂಡಿರುವಷ್ಟು ಎತ್ತರದ ಗೋಡೆಯಿಲ್ಲವೆಂಬುದನ್ನು ಚೀನದೇಶದ ಒಬ್ಬಾತನ ಚರಿತ್ರೆಯು ನಮಗೆ ತೋರಿಸಿಕೊಡುತ್ತದೆ. ಆತನ ಹೆಸರು ಲೀ ಲಿಯಾನ್‌ಜಿಯೆ. ಆ ದೇಶದ ಪದ್ಧತಿಯಂತೆ ‘ಲೀ’ ಎಂಬ ಮನೆತನದ ಹೆಸರು ಮೊದಲು ಬರುತ್ತದೆ. ಲೋಕವು ಆತನನ್ನು ಬಲ್ಲುದು ಜೆಟ್ ಲೀ ಎಂಬ ಹೆಸರಿನಿಂದ.

ಹನ್ನೊಂದನೆಯ ವಯಸ್ಸಿನಲ್ಲಿ ತನ್ನ ರಾಷ್ಟ್ರದ ಶಸ್ತ್ರವಿದ್ಯಾಸ್ಪರ್ಧೆಯಲ್ಲಿ ಅಗ್ರಸ್ಥಾನವನ್ನು ಪಡೆದು, ಹತ್ತೊಂಬತ್ತು ತುಂಬುವುದರೊಳಗೆ ಚಿತ್ರನಟನಾಗಿ, ಸಾವಿರಾರು ವರ್ಷಗಳ ಒಂದು ವಿದ್ಯೆಗೆ ಜಗತ್ತಿನ ಕಣ್ಣಿನಲ್ಲಿ ಮುಖವೇ ತಾನಾದವನು ಈತನು. ಇಂಥ ಸಾಧಕನೊಬ್ಬನು ನಟನಾದುದರಿಂದ ಆ ವಿದ್ಯೆಗೆ ಲಾಭವಾಯಿತೋ ನಷ್ಟವಾಯಿತೋ ಎಂಬ ಪ್ರಶ್ನೆಯನ್ನು ಆ ದೇಶದ ಹಳೆಯ ಗುರುಗಳು ಕೇಳಿದ್ದುಂಟು. ಪ್ರಶ್ನೆಯು ಕೇವಲ ಒಬ್ಬ ನಟನಿಗೆ ಸಂಬಂಧಪಟ್ಟುದಲ್ಲ. ಗುರುವಿನ ಮನೆಯಲ್ಲಿ ಕಲಿತ ಯಾವುದೇ ಕಲೆಯು ಸಂತೆಗೆ ಬಂದಾಗ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬ ವಿಚಾರವು ಇದರೊಳಗೆ ಅಡಗಿದೆ.

೨

ಮೊದಲು ಆ ವಿದ್ಯೆಯ ಪೂರ್ವೋತ್ತರವನ್ನು ಸ್ವಲ್ಪ ತಿಳಿಯುವುದು ಅವಶ್ಯ. ಚೀನೀಯರು ಇದನ್ನು ‘ವೂಶು’ ಎನ್ನುತ್ತಾರೆ. ಶಸ್ತ್ರಕಲೆ, ಯುದ್ಧಕಲೆ ಎಂಬುದು ಪದದ ಅರ್ಥ. ಇದರ ಕೀರ್ತಿಯೆಲ್ಲ ಹೆನಾನ್ ಪ್ರಾಂತದ ಸೊಂಗ್ ಪರ್ವತದ ಬುಡದಲ್ಲಿರುವ ಶಾವೊಲಿನ್ ವಿಹಾರದೊಡನೆ ಹೆಣೆದುಕೊಂಡಿದೆ. ಆ ವಿಹಾರವನ್ನು ಉತ್ತರ ವೈ ವಂಶದ ಅರಸನು ಕ್ರಿ. ಶ. ೪೯೫ರ ಸುಮಾರಿನಲ್ಲಿ, ಚೀನೀಯರು ಬಾತುವೋ ಎಂದು ಕರೆಯುವ ಒಬ್ಬ ಭಾರತೀಯ ಭಿಕ್ಷುವಿಗಾಗಿ ಕಟ್ಟಿಸಿದನು. ಅನಂತರ ದಕ್ಷಿಣ ಭಾರತದಿಂದ ಹೋದನೆಂದು ಹೇಳಲಾಗುವ ಬೋಧಿಧರ್ಮನು ಅಲ್ಲಿಯ ಭಿಕ್ಷುಗಳಿಗೆ ಸಾಮನ್ನು ಕಲಿಸಿದನೆಂಬ ಕಥೆಯೊಂದುಂಟು. ಕಥೆಯು ನಮಗೆ ಹಿತವಾಗಿರಬಹುದು. ಆದರೆ ಆತನ ಹೆಸರಿಗೆ ಅಂಗಸಾಧನೆಯನ್ನು ಗಂಟುಹಾಕಿದ ಗ್ರಂಥವು ೧೭ನೆಯ ಶತಮಾನದ್ದು. ಸಾವಿರ ವರ್ಷಗಳ ಮೇಲೆ ಬಂದ ಸಾಕ್ಷಿಯನ್ನು ಚರಿತ್ರಕಾರರು ನೆಚ್ಚುವುದಿಲ್ಲ. ನೆಚ್ಚತಕ್ಕ ಸಾಕ್ಷಿಯು ವಿಹಾರದ ಅಂಗಳದಲ್ಲಿಯೇ ನಿಂತಿದೆ. ೭೨೮ರ ಶಿಲಾಶಾಸನವೊಂದರಿಂದ, ೬೨೧ರಲ್ಲಿ ತಾಂಗ್ ವಂಶದ ರಾಜಕುಮಾರ ಲೀ ಶಿಮಿನ್ ಎಂಬವನಿಗೆ ಆತನ ಶತ್ರುವಿನ ವಿರುದ್ಧವಾಗಿ ಶಾವೊಲಿನ್ ಭಿಕ್ಷುಗಳು ಸಹಾಯಮಾಡಿದರೆಂಬುದು ತಿಳಿಯುತ್ತದೆ. ಈ ಒಂದು ಶಾಸನದ ಕಥೆಯೇ ಮುಂದೆ ನಮ್ಮ ಕಥಾನಾಯಕನ ಭಾಗ್ಯದ ಬಾಗಿಲನ್ನು ತೆರೆಯಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಗೆ ದುರ್ದಿನಗಳೂ ಬಂದವು, ಹೊಸ ರೂಪವೂ ಬಂದಿತು. ೧೯೨೮ರಲ್ಲಿ ಶಿ ಯೌಸಾನ್ ಎಂಬ ದಂಡನಾಯಕನು ಶಾವೊಲಿನ್ ವಿಹಾರಕ್ಕೆ ಬೆಂಕಿಯಿಕ್ಕಿಸಿದನು. ಮಂದಿರಗಳೂ ಗ್ರಂಥಭಂಡಾರವೂ ಸುಟ್ಟು ಬೂದಿಯಾದವು. ಅದೇ ವರ್ಷ ನಾನ್‌ಜಿಂಗ್ ನಗರದಲ್ಲಿ ಸರಕಾರವು ರಾಷ್ಟ್ರೀಯ ಶಸ್ತ್ರಕಲೆಯ ಕೇಂದ್ರಸಂಸ್ಥೆಯೊಂದನ್ನು ಸ್ಥಾಪಿಸಿತು. ೧೯೪೯ರ ಕ್ರಾಂತಿಯ ತರುವಾಯ ಹೊಸ ಸರಕಾರವು ಊರೂರಿಗೆ ಬೇರೆಬೇರೆಯಾಗಿದ್ದ ವರಸೆಗಳನ್ನು ಒಟ್ಟುಗೂಡಿಸಿ, ಗೊತ್ತಾದ ಕ್ರಮಕ್ಕೆ ತಂದು, ಅವನ್ನು ಸ್ಪರ್ಧೆಯ ವಿಷಯವನ್ನಾಗಿ ಮಾಡಿತು. ಬರಿಗೈ, ಕತ್ತಿ, ಖಡ್ಗ, ಭರ್ಜಿ, ದೊಣ್ಣೆ—ಇವುಗಳ ವರಸೆಯನ್ನು ಸ್ಪರ್ಧಾಳುವು ಒಬ್ಬನೇ ನಿಂತು ಮಾಡಿ ತೋರಿಸಬೇಕು. ತೀರ್ಪುಗಾರರು ಹತ್ತರಲ್ಲಿ ಇಷ್ಟು ಎಂದು ಅಂಕವನ್ನು ಕೊಡುತ್ತಾರೆ. ಎದುರಾಳಿಯೆಂಬವನೇ ಇಲ್ಲ! ಇಬ್ಬರು ಎದುರೆದುರಾಗಿ ಸೆಣಸುವ ಪಂದ್ಯವನ್ನು ಸರಕಾರವು ಪರೀಕ್ಷಾರ್ಥವಾಗಿ ಮತ್ತೆ ಆರಂಭಿಸಿದ್ದು ೧೯೭೯ರಲ್ಲಿ.

ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ನಮ್ಮ ಕಥಾನಾಯಕನು ಗೆದ್ದುದು ಯಾರನ್ನೂ ಕೆಡವಿಯಲ್ಲ. ಆತನು ಗೆದ್ದುದು ಕೈಕಾಲುಗಳ ಶುದ್ಧಿಯಿಂದ, ವೇಗದಿಂದ, ನಿಲುವಿನ ಲಾವಣ್ಯದಿಂದ. ಎಂದರೆ, ನಟನಾಗುವುದಕ್ಕೆ ಮೊದಲೇ ಆತನು ಪ್ರದರ್ಶಕನಾಗಿದ್ದನು.

೩

ಲೀ ಲಿಯಾನ್‌ಜಿಯೆ ೧೯೬೩ನೆಯ ಏಪ್ರಿಲ್ ೨೬ರಂದು ಬೀಜಿಂಗ್ ನಗರದಲ್ಲಿ ಹುಟ್ಟಿದನು. ಐವರು ಮಕ್ಕಳಲ್ಲಿ ಕಿರಿಯವನು. ಎರಡು ವರ್ಷದವನಾಗಿದ್ದಾಗಲೇ ತಂದೆ ತೀರಿಕೊಂಡುದರಿಂದ ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ೧೯೭೧ರ ಬೇಸಗೆಯ ರಜೆಯಲ್ಲಿ, ಮಕ್ಕಳು ಬೀದಿಯಲ್ಲಿ ಅಲೆಯದಿರಲೆಂದು ಅವರನ್ನು ಸರಕಾರದ ಕ್ರೀಡಾಶಾಲೆಗೆ ಕಳುಹಿಸುವ ಏರ್ಪಾಡಾಯಿತು. ಎಂಟು ವರ್ಷದ ಈ ಹುಡುಗನ ಪಾಲಿಗೆ ಬಂದುದು ವೂಶು. ಆ ಹೆಸರಿನ ಅರ್ಥವೂ ಆತನಿಗೆ ಆಗ ಗೊತ್ತಿರಲಿಲ್ಲವಂತೆ. ರಜೆ ಮುಗಿದ ಮೇಲೆ ಹೆಚ್ಚಿನ ಮಕ್ಕಳು ಮನೆಗೆ ಹೋದರು. ಕೆಲವರನ್ನು ಮಾತ್ರ ಉಳಿಸಿಕೊಂಡರು. ಆ ಕೆಲವರಲ್ಲಿ ಇವನೊಬ್ಬನು.

ಉಳಿಸಿಕೊಂಡ ಗುರುವಿನ ಹೆಸರು ವೂ ಬಿನ್. ಈತನು ಹುಡುಗನಲ್ಲಿದ್ದ ಚುರುಕನ್ನು ಕಂಡಂತೆಯೇ ಆತನ ಮೈಯಲ್ಲಿ ಪುಷ್ಟಿಯಿಲ್ಲದಿರುವುದನ್ನೂ ಕಂಡನು. ವಿಚಾರಿಸಲಾಗಿ, ಆ ಮನೆಯಲ್ಲಿ ಒಳ್ಳೆಯ ಆಹಾರವನ್ನು ಕೊಳ್ಳುವ ಶಕ್ತಿಯಿಲ್ಲವೆಂಬುದು ತಿಳಿಯಿತು. ಸಾಮುಮಾಡುವ ಮೈಗೆ ಅನ್ನವೊಂದೇ ಸಾಲದು. ಗುರುವು ತಾನೇ ಆಹಾರವನ್ನು ಕೊಂಡು ಶಿಷ್ಯನ ಮನೆಗೆ ತಲಪಿಸಿದನು. ವಿದ್ಯೆಯನ್ನು ಕೊಟ್ಟ ಗುರುಗಳು ಅನೇಕರುಂಟು. ವಿದ್ಯೆಗೆ ಮೊದಲು ಅನ್ನವನ್ನು ಕೊಟ್ಟ ಗುರುವಿನ ಋಣವು ಬೇರೆಯ ಬಗೆಯದು. ಮುಂದೆ ಆತನ ಹೆಸರನ್ನು ಹೇಳುವಾಗಲೆಲ್ಲ ಶಿಷ್ಯನು ಇದನ್ನು ಮರೆಯಲಿಲ್ಲ. ಹಾಗೆಂದು ಗುರುವಿನ ಕಟ್ಟುಪಾಡು ಸಡಿಲವಾಗಿತ್ತೆಂದು ತಿಳಿಯತಕ್ಕದ್ದಲ್ಲ. ಚಳಿಗಾಲದ ಕೊರೆಯುವ ಗಾಳಿಯಲ್ಲಿಯೂ ಬಯಲಿನಲ್ಲಿ ಅಭ್ಯಾಸ. ಒಂದೇ ಒದೆತವನ್ನು ನೂರು ಬಾರಿ ಮಾಡಿದರೂ ಮತ್ತೊಂದು ನೂರು. ಇತರರಿಗಿಂತ ಈತನಿಗೆ ಬೈಗುಳು ಹೆಚ್ಚು; ಏಕೆಂದರೆ ಇವನ ಮೇಲೆ ಗುರುವಿನ ಆಸೆ ಹೆಚ್ಚು.

೧೯೭೪ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಆತನು ಮೊದಲ ಬಾರಿಗೆ ರಾಷ್ಟ್ರದ ಸಮಗ್ರ ಪ್ರಶಸ್ತಿಯನ್ನು ಗೆದ್ದನು. ೧೯೭೯ರೊಳಗಾಗಿ ಐದು ಬಾರಿ ಆ ಪ್ರಶಸ್ತಿಯು ಆತನದಾಯಿತು. ೧೯೭೫ರ ರಾಷ್ಟ್ರೀಯ ಕ್ರೀಡೋತ್ಸವದ ಒಂದು ಪ್ರಸಂಗವನ್ನು ಆತನೇ ಹೇಳಿಕೊಂಡಿದ್ದಾನೆ. ಕತ್ತಿಯ ವರಸೆ ನಡೆಯುತ್ತಿದ್ದಾಗ ತನ್ನ ಕತ್ತಿಯೇ ತನ್ನ ತಲೆಗೆ ತಗಲಿತು. ಮುಖದ ಮೇಲೆ ಹರಿದುಬಂದುದನ್ನು ಬೆವರೆಂದೇ ಭಾವಿಸಿ ವರಸೆಯನ್ನು ಪೂರೈಸಿದನು. ನಿಂತಮೇಲೆ ನೋಡಿದರೆ ಅದು ನೆತ್ತರು! ಆಗ ಆತನಿಗೆ ಹನ್ನೆರಡು ವರ್ಷ.

೧೯೭೪ರಲ್ಲಿಯೇ ಬಾಲಕ ಬಾಲಿಕೆಯರ ಈ ತಂಡವನ್ನು ಅಮೆರಿಕಕ್ಕೆ ಕಳುಹಿಸಲಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಖ ತಿರುಗಿಸಿಕೊಂಡಿದ್ದ ಎರಡು ರಾಷ್ಟ್ರಗಳು ಆಗ ತಾನೇ ಕೈಕುಲುಕಲು ತೊಡಗಿದ್ದ ಕಾಲವದು. ಪ್ರಶಸ್ತಿವಿಜೇತ ಬಾಲಕನೂ ರಾಜನೀತಿಯ ಒಂದು ಕಾಯಿಯಾಗಿದ್ದನು. ಶ್ವೇತಭವನದ ಹುಲ್ಲುಗಾವಲಿನಲ್ಲಿ ಅಧ್ಯಕ್ಷ ನಿಕ್ಸನ್ನನ ಎದುರಿಗೆ ಪ್ರದರ್ಶನವು ನಡೆಯಿತು. ದೊಡ್ಡವನಾದ ಮೇಲೆ ನನ್ನ ಅಂಗರಕ್ಷಕನಾಗುವೆಯಾ ಎಂದು ನಿಕ್ಸನ್ನನು ವಿನೋದವಾಗಿ ಕೇಳಿದನಂತೆ. ಒಬ್ಬ ವ್ಯಕ್ತಿಯನ್ನು ಕಾಯಲಾರೆ, ನನ್ನ ನಾಡಿನ ಜನರೆಲ್ಲರನ್ನೂ ಕಾಯುವ ಇಚ್ಛೆ ನನ್ನದು ಎಂಬರ್ಥದಲ್ಲಿ ಬಾಲಕನು ಉತ್ತರಕೊಟ್ಟನೆಂದು ಆತನೇ ಹೇಳಿದ್ದಾನೆ. ಆ ಉತ್ತರದಲ್ಲಿ ಬಾಲಕನ ಸ್ವಂತದ್ದೆಷ್ಟು, ಶಾಲೆಯು ಕಲಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೂ ಮಾತು ಹೊರಟಿತ್ತು. ಮುಂದೆ ಮೂವತ್ತು ವರ್ಷಗಳ ಮೇಲೆ ಅದು ಬೇರೊಂದು ಅರ್ಥದಲ್ಲಿ ಆತನನ್ನು ಹುಡುಕಿಕೊಂಡು ಬಂದಿತು.

೪

ಹಾಂಗ್‌ಕಾಂಗ್ ಚಿತ್ರಗಳಲ್ಲಿ ಹೆಸರಾದ ಕಾಳಗದ ನಟರು ಆ ವರೆಗೆ ಬೇರೆ ದಾರಿಗಳಿಂದ ಬಂದವರು. ಬ್ರೂಸ್ ಲೀ ಎಂಬಾತನು ಗುರುವಿನ ಮನೆಯಲ್ಲಿ ಮುಷ್ಟಿವಿದ್ಯೆಯನ್ನು ಕಲಿತವನು. ಜಾಕಿ ಚಾನನು ಬೀಜಿಂಗ್ ಸಂಪ್ರದಾಯದ ಸಂಗೀತನಾಟಕದ ಶಾಲೆಯಲ್ಲಿ ಬಾಲ್ಯವನ್ನು ಕಳೆದವನು. ಸರಕಾರದ ಕ್ರೀಡಾಶಾಲೆಯಿಂದ ನೇರವಾಗಿ ತೆರೆಗೆ ಬಂದು ನಾಯಕನಾದ ಮೊದಲಿಗರಲ್ಲಿ ಲೀ ಪ್ರಮುಖನು.

ಹಾಂಗ್‌ಕಾಂಗಿನ ನಿರ್ದೇಶಕ ಝಾಂಗ್ ಶಿನ್‌ಯಾನ್ ಎಂಬಾತನು, ಹಿಂದೆ ಹೇಳಿದ ಶಾಸನದ ಕಥೆಯನ್ನು ಹಿಡಿದು, ಚೀನದ ನೆಲದಲ್ಲಿಯೇ ‘ಶಾವೊಲಿನ್ ವಿಹಾರ’ ಎಂಬ ಚಿತ್ರವನ್ನು ತೆಗೆದನು. ನಟರಿಗೆ ವಿದ್ಯೆಯನ್ನು ಕಲಿಸುವುದಕ್ಕೆ ಬದಲಾಗಿ ವಿದ್ಯೆ ಬಲ್ಲವರಿಗೇ ವೇಷವನ್ನು ಹಾಕಿಸಿದನು. ಯೂ ಹಾಯ್, ಯೂ ಚೆಂಗ್‌ಹುಯಿ ಮೊದಲಾದ ನಿಜವಾದ ಶಸ್ತ್ರಕೋವಿದರು ಅದರಲ್ಲಿದ್ದರು. ತಂದೆಯನ್ನು ಕಳೆದುಕೊಂಡು ವಿಹಾರದ ಆಶ್ರಯವನ್ನು ಸೇರಿ ಭಿಕ್ಷುವಾಗುವ ಯುವಕನ ಪಾತ್ರ ಲೀಯದು. ೧೯೮೨ರಲ್ಲಿ ಚಿತ್ರವು ಹೊರಬಂದಿತು. ಚೀನದಲ್ಲಿ ಪ್ರವೇಶದ ಚೀಟಿಯ ಬೆಲೆ ಒಂದು ಯುವಾನಿನ ಹತ್ತನೆಯ ಒಂದು ಪಾಲು. ಕೋಟಿಗಟ್ಟಲೆ ಜನರು ನೋಡಿದರು. ಒಂದೇ ಚಿತ್ರವನ್ನು ಹತ್ತು ಬಾರಿ ನೋಡಿದವರುಂಟು. ೧೯೬೬ರಿಂದ ೧೯೭೬ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ದೇವಾಲಯ, ಗುರುಪರಂಪರೆ, ಪುರಾತನ ಸಂಪ್ರದಾಯ ಇವೆಲ್ಲವೂ ನಿಂದೆಗೆ ಗುರಿಯಾಗಿದ್ದ ನಾಡಿನ ಜನರಿಗೆ ತಮ್ಮದೇ ಪೂರ್ವಕಾಲವು ತೆರೆಯ ಮೇಲೆ ತಲೆಯೆತ್ತಿ ನಿಂತುದು ಎಂಥ ಅನುಭವವಾಗಿರಬೇಕು! ಅದೇ ಕಾಲದಲ್ಲಿ ಫಿಲಿಪೈನ್ಸ್ ದೇಶದ ಪ್ರಚಾರಕರು, ಲಿಯಾನ್‌ಜಿಯೆ ಎಂಬುದನ್ನು ಉಚ್ಚರಿಸಲಾರದೆ, ವಿಮಾನದಂತೆ ಮೇಲೇರುತ್ತಿರುವವನೆಂದು ‘ಜೆಟ್’ ಎಂಬ ಹೆಸರನ್ನಿಟ್ಟರು.

ಚಿತ್ರದ ಪರಿಣಾಮವು ನಟನಿಗಷ್ಟೇ ನಿಲ್ಲಲಿಲ್ಲ. ಬೆಂಕಿಗೂ ಕ್ರಾಂತಿಗೂ ಸಿಕ್ಕಿ ಬೆರಳೆಣಿಕೆಯ ಭಿಕ್ಷುಗಳು ಮಾತ್ರ ಉಳಿದಿದ್ದ ಶಾವೊಲಿನ್ ವಿಹಾರಕ್ಕೆ ಯಾತ್ರಿಕರ ಪ್ರವಾಹವೇ ಹರಿಯಿತು. ಮನೆಬಿಟ್ಟು ಭಿಕ್ಷುಗಳಾಗಲು ಬಂದ ಬಾಲಕರೂ ಇದ್ದರು. ವಿಹಾರವಿರುವ ದೆಂಗ್‌ಫೆಂಗ್ ಪಟ್ಟಣದ ಸುತ್ತ ಶಸ್ತ್ರವಿದ್ಯೆಯ ಶಾಲೆಗಳೆದ್ದು ಇಂದು ಹತ್ತಾರು ಸಾವಿರ ವಿದ್ಯಾರ್ಥಿಗಳು ಅಲ್ಲಿ ಕಲಿಯುತ್ತಿದ್ದಾರೆ. ೨೦೧೦ರಲ್ಲಿ ದೆಂಗ್‌ಫೆಂಗಿನ ಸ್ಮಾರಕಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ದಂಡನಾಯಕನು ಸುಟ್ಟುದನ್ನು ಚಲಚ್ಚಿತ್ರವು ಮತ್ತೆ ಕಟ್ಟಿಸಿತೆಂದರೆ ಅತಿಶಯೋಕ್ತಿಯಾಗಲಾರದು. ಹಾಗೆಯೇ ತಪೋಭೂಮಿಯು ಸಂತೆಯಾಯಿತೆಂಬ ನಿಟ್ಟುಸಿರಿಗೂ ಅದೇ ಚಲಚ್ಚಿತ್ರವೇ ಕಾರಣ.

ಮುಂದಿನ ಕೆಲವು ವರ್ಷಗಳು ಸುಲಭವಾಗಿರಲಿಲ್ಲ. ೧೯೮೬ರಲ್ಲಿ ಲೀ ತಾನೇ ನಿರ್ದೇಶಿಸಿದ ಚಿತ್ರವು ಹೆಸರು ತರಲಿಲ್ಲ. ಆತನ ಭಾಗ್ಯವು ಮತ್ತೆ ತಿರುಗಿದುದು ೧೯೯೧ರಲ್ಲಿ, ಟ್ಸುಯಿ ಹಾರ್ಕನ ‘ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ’ ಎಂಬ ಚಿತ್ರದಿಂದ. ಅದರ ನಾಯಕ ವಾಂಗ್ ಫೈಹಂಗನು ೧೮೪೭ರಿಂದ ೧೯೨೫ರವರೆಗೆ ಬಾಳಿದ ನಿಜವಾದ ವ್ಯಕ್ತಿ. ಗ್ವಾಂಗ್‌ಡಾಂಗ್ ಪ್ರಾಂತದ ವೈದ್ಯನೂ ಶಸ್ತ್ರಗುರುವೂ ಆಗಿದ್ದವನು. ೧೯೪೯ರಿಂದ ಕ್ವಾನ್ ತಕ್‌ಹಿಂಗ್ ಎಂಬ ನಟನು ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಆ ಪಾತ್ರವನ್ನು ವಹಿಸಿ ಜನರ ಮನಸ್ಸಿನಲ್ಲಿ ನೆಲೆಗೊಳಿಸಿದ್ದನು. ಹೊಸ ಚಿತ್ರದಲ್ಲಿ ವಾಂಗನು ಬರಿಯ ಶೂರನಲ್ಲ. ವಿದೇಶೀಯರ ಬಂದೂಕು, ಉಗಿಹಡಗು, ಛಾಯಾಯಂತ್ರ ಇವುಗಳ ನಡುವೆ ನಿಂತು, ತನ್ನ ಮುಷ್ಟಿಗೆ ಇನ್ನು ಸ್ಥಳವುಂಟೇ ಎಂದು ಯೋಚಿಸುವವನು. ೧೯೯೭ರಲ್ಲಿ ಬ್ರಿಟಿಷರ ಕೈಯಿಂದ ಚೀನದ ಕೈಗೆ ಹೋಗಲಿದ್ದ ಹಾಂಗ್‌ಕಾಂಗಿನ ಜನರಿಗೆ ಆ ಸಂದೇಹವು ತಮ್ಮದೇ ಆಗಿ ಕಂಡಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಐದು ಬಾರಿ ಗೆದ್ದ ನಿಜವಾದ ವೀರನನ್ನು ಈ ಚಿತ್ರಗಳಲ್ಲಿ ತಂತಿಗಳಿಂದ ಕಟ್ಟಿ ಆಕಾಶದಲ್ಲಿ ಹಾರಿಸಿದರು. ಕಾಲಿಗೆ ಪೆಟ್ಟು ಬಿದ್ದಾಗ ಬೇರೆಯವರು ಆತನ ವೇಷದಲ್ಲಿ ಕಾದಿದರು. ಹೀಗಿದ್ದರೆ ವಿದ್ಯೆಯ ಅವಶ್ಯಕತೆಯಾದರೂ ಏನು ಎಂದು ಕೇಳಬಹುದು. ಉತ್ತರವು ಆತನು ನೆಲದ ಮೇಲೆ ನಿಂತ ಕ್ಷಣದಲ್ಲಿ ದೊರೆಯುತ್ತದೆ. ಒಂದು ಕೈಯನ್ನು ಹಿಂದಕ್ಕೆ ಕಟ್ಟಿ ಇನ್ನೊಂದು ಅಂಗೈಯನ್ನು ಮುಂದಕ್ಕೆ ಚಾಚಿ ನಿಲ್ಲುವ ಆ ನಿಲುವನ್ನು ತಂತಿಯು ಕೊಡಲಾರದು. ಬೀಜಿಂಗಿನ ಚಳಿಗಾಲವೇ ಅದನ್ನು ಕೊಟ್ಟುದು.

ಬೆಳ್ಳಿಯ ತೆರೆಯ ಹಿಂದಿನ ಕತ್ತಲೆಯನ್ನೂ ಆತನು ಕಂಡನು. ೧೯೯೨ರಲ್ಲಿ ಆತನ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದವನನ್ನು ಹಾಂಗ್‌ಕಾಂಗಿನಲ್ಲಿ ಗುಂಡಿಟ್ಟು ಕೊಂದರು. ಅನಂತರ ಲೀ ಸ್ವಂತ ಸಂಸ್ಥೆಯಿಂದ ಚಿತ್ರಗಳನ್ನು ತೆಗೆದನು. ೧೯೯೪ರ ‘ಫಿಸ್ಟ್ ಆಫ್ ಲೆಜೆಂಡ್’ ಅವುಗಳಲ್ಲಿ ಉತ್ತಮವಾದುದೆಂದು ಬಲ್ಲವರ ಅಭಿಪ್ರಾಯ. ಅದು ೧೯೭೨ರಲ್ಲಿ ಬ್ರೂಸ್ ಲೀ ನಟಿಸಿದ್ದ ಕಥೆಯ ಪುನಾರಚನೆ. ಮೊದಲಿನದರಲ್ಲಿ ಜಪಾನೀಯರೆಲ್ಲ ಖಳರೇ. ಹೊಸದರಲ್ಲಿ ನ್ಯಾಯವಂತನಾದ ಜಪಾನೀ ಗುರುವೊಬ್ಬನುಂಟು, ನಾಯಕನನ್ನು ಪ್ರೀತಿಸುವ ಜಪಾನೀ ಕನ್ಯೆಯೊಬ್ಬಳುಂಟು.

೫

೧೯೯೮ರಲ್ಲಿ ‘ಲೀಥಲ್ ವೆಪನ್ ೪’ ಎಂಬ ಚಿತ್ರದ ಮೂಲಕ ಆತನು ಹಾಲಿವುಡ್ಡನ್ನು ಪ್ರವೇಶಿಸಿದನು. ತನ್ನ ನಾಡಿನಲ್ಲಿ ನಾಯಕನಾಗಿದ್ದವನಿಗೆ ಅಲ್ಲಿ ದೊರೆತುದು ಖಳನ ವೇಷ. ಎರಡು ವರ್ಷಗಳ ಮೇಲೆ, ೨೦೦೦ದಲ್ಲಿ, ನಾಯಕನ ಪಾತ್ರ ಬಂದಿತು. ‘ಮೇಟ್ರಿಕ್ಸ್’ ಎಂಬ ಪ್ರಸಿದ್ಧ ಚಿತ್ರದ ಮುಂದಿನ ಭಾಗಗಳಿಗೆ ಕರೆ ಬಂದಾಗ ಆತನು ಒಲ್ಲೆನೆಂದನು. ಅದಕ್ಕೆ ಕಾರಣವನ್ನು ೨೦೧೮ರಲ್ಲಿ ಬಹಿರಂಗವಾಗಿ ಹೇಳಿದನು. ತನ್ನ ವರಸೆಗಳನ್ನೆಲ್ಲ ಯಂತ್ರದಲ್ಲಿ ದಾಖಲಿಸಿಕೊಂಡು ಅವುಗಳ ಸ್ವಾಮ್ಯವನ್ನು ಸಂಸ್ಥೆಯೇ ಇಟ್ಟುಕೊಳ್ಳುವ ಉದ್ದೇಶವಿತ್ತೆಂದೂ, ಜೀವಮಾನವೆಲ್ಲ ಬೆವರು ಸುರಿಸಿ ಕಲಿತುದನ್ನು ಹಾಗೆ ಒಪ್ಪಿಸಿಬಿಡಲು ಮನಸ್ಸು ಬರಲಿಲ್ಲವೆಂದೂ ಆತನ ಹೇಳಿಕೆ. ಹಳೆಯ ಕಾಲದ ಗುರುಗಳು ಅಪಾತ್ರನಿಗೆ ವರಸೆಯನ್ನು ಹೇಳಿಕೊಡಲು ನಿರಾಕರಿಸುತ್ತಿದ್ದರು. ತೆರೆಗೆ ಬಂದು ವಿದ್ಯೆಯನ್ನು ಮಾರಿದನೆಂಬ ಆಕ್ಷೇಪಣೆಗೆ ಗುರಿಯಾದವನು ಇಲ್ಲಿ ಅದೇ ಗುರುಗಳ ಧ್ವನಿಯಲ್ಲಿ ಮಾತಾಡಿದ್ದಾನೆ.

೨೦೦೨ರಲ್ಲಿ ಝಾಂಗ್ ಯಿಮೌನ ‘ಹೀರೋ’ ಬಂದಿತು. ಚಿನ್ ರಾಜನನ್ನು ಕೊಲ್ಲಲು ಹತ್ತು ಹೆಜ್ಜೆಗಳ ಹತ್ತಿರಕ್ಕೆ ಹೋಗಿ, ಕೊಲ್ಲದೆ ಕತ್ತಿಯನ್ನು ಬಿಟ್ಟು, ತಾನೇ ಸಾಯುವ ಅನಾಮಿಕನ ಪಾತ್ರ ಆತನದು. ೨೦೦೬ರ ‘ಫಿಯರ್‌ಲೆಸ್’ ಚಿತ್ರದಲ್ಲಿ, ೧೯೧೦ರಲ್ಲಿ ತೀರಿಕೊಂಡ ಶಸ್ತ್ರಗುರು ಹೋ ಯುವಾನ್‌ಜಿಯಾನ ಕಥೆಯನ್ನು ನಟಿಸಿ, ವೂಶುವಿನ ಕುರಿತು ತಾನು ಹೇಳಬೇಕಾದುದನ್ನೆಲ್ಲ ಇದರಲ್ಲಿ ಹೇಳಿದ್ದೇನೆಂದು ತಿಳಿಸಿದನು. ಗೆಲುವಿನ ಮದದಿಂದ ಮನೆಮಾರನ್ನು ಕಳೆದುಕೊಂಡವನು ಅನಂತರ ಕಲಿತ ಪಾಠವೇ ಅದರ ವಸ್ತು. ೨೦೦೭ರ ‘ದಿ ವಾರ್‌ಲಾರ್ಡ್ಸ್’ ಚಿತ್ರದ ನಟನೆಗಾಗಿ ಮರುವರ್ಷ ಹಾಂಗ್‌ಕಾಂಗ್ ಚಿತ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಟನೆಂಬ ಗೌರವವು ಬಂದಿತು. ೨೦೧೦ರ ‘ಓಷನ್ ಹೆವನ್’ ಚಿತ್ರದಲ್ಲಿ ಕಾಳಗವೇ ಇಲ್ಲ. ಮರಣವು ಸಮೀಪಿಸಿದ ತಂದೆಯೊಬ್ಬನು ಬುದ್ಧಿಯ ಬೆಳವಣಿಗೆಯಲ್ಲಿ ಬೇರೆಯಾದ ತನ್ನ ಮಗನಿಗೆ, ತಾನಿಲ್ಲದ ಮೇಲೆ ಬಾಳುವುದನ್ನು—ಬಟ್ಟೆ ಬಿಚ್ಚುವುದು, ಮೊಟ್ಟೆ ಬೇಯಿಸುವುದು, ಬಸ್ಸು ಹತ್ತುವುದು—ಒಂದೊಂದಾಗಿ ಕಲಿಸುತ್ತಾನೆ. ಅಭ್ಯಾಸದಿಂದ ಅಭ್ಯಾಸಕ್ಕೆ ಮಗನನ್ನು ನಡೆಸುವ ಆ ತಂದೆಯ ತಾಳ್ಮೆಯಲ್ಲಿ ವೂ ಬಿನ್ ಗುರುವಿನ ನೆರಳನ್ನು ಕಂಡರೆ ತಪ್ಪಾಗಲಾರದು.

ಇದಕ್ಕೆ ಮೊದಲೇ ಆತನ ಬಾಳು ತಿರುಗಿತ್ತು. ೨೦೦೪ನೆಯ ಡಿಸೆಂಬರ್ ೨೬ರಂದು ಆತನು ಮಕ್ಕಳೊಡನೆ ಮಾಲ್ದೀವ್ಸ್ ದ್ವೀಪದಲ್ಲಿದ್ದನು. ನಮ್ಮ ತಮಿಳುನಾಡಿನ ಕರೆಯನ್ನೂ ಅಂಡಮಾನನ್ನೂ ನುಂಗಿದ ಆ ಸಮುದ್ರವೇ ಅಲ್ಲಿಯೂ ಏರಿಬಂದಿತು. ಮಗುವನ್ನೆತ್ತಿಕೊಂಡು ನೀರಿನಲ್ಲಿ ನಿಂತವನಿಗೆ ಐದು ಪ್ರಶಸ್ತಿಗಳಾಗಲಿ ಕೋಟಿಗಟ್ಟಲೆ ಹಣವಾಗಲಿ ಉಪಯೋಗಕ್ಕೆ ಬರಲಿಲ್ಲ. ಕಾಲಿಗೆ ಗಾಯವಾಗಿ, ಇತರರ ನೆರವಿನಿಂದ ಬದುಕಿ ಉಳಿದನು. ೨೦೦೭ರಲ್ಲಿ ಚೀನದ ರೆಡ್‌ಕ್ರಾಸ್ ಸಂಸ್ಥೆಯ ಆಶ್ರಯದಲ್ಲಿ, ಒಬ್ಬೊಬ್ಬರೂ ತಿಂಗಳಿಗೆ ಒಂದೊಂದು ಯುವಾನನ್ನು ಕೊಡಬೇಕೆಂಬ ತತ್ತ್ವದ ಮೇಲೆ ‘ಏಕ ನಿಧಿ’ಯನ್ನು ಸ್ಥಾಪಿಸಿದನು. ೨೦೦೮ನೆಯ ಮೇ ತಿಂಗಳಿನ ಸಿಚುವಾನ್ ಭೂಕಂಪದಲ್ಲಿ ಆ ನಿಧಿಯು ದುಡಿಯಿತು. ೨೦೧೧ರಿಂದ ಶೆನ್‌ಝೆನ್ ನಗರದಲ್ಲಿ ಸ್ವತಂತ್ರ ಸಂಸ್ಥೆಯಾಗಿ ನಿಂತಿತು. ಜನರೆಲ್ಲರನ್ನೂ ಕಾಯುವೆನೆಂದು ಹನ್ನೊಂದು ವರ್ಷದ ಬಾಲಕನು ಆಡಿದ ಮಾತಿಗೆ ಮುಷ್ಟಿಯಿಂದಲ್ಲ, ಬಿಚ್ಚಿದ ಅಂಗೈಯಿಂದ ಅರ್ಥ ಬಂದಿತು.

ದೇಹವಾದರೋ ತನ್ನ ಸಾಲವನ್ನು ಕೇಳದೆ ಬಿಡಲಿಲ್ಲ. ಕಾಲು, ಬೆನ್ನುಗಳಿಗೆ ಬಿದ್ದ ಪೆಟ್ಟುಗಳು ಒಂದು ಕಡೆ. ಕುತ್ತಿಗೆಯ ಗ್ರಂಥಿಯ ಅತಿಸ್ರಾವದ ರೋಗವು ಇನ್ನೊಂದು ಕಡೆ. ಈ ರೋಗವನ್ನು ೨೦೧೩ರಲ್ಲಿ ಆತನೇ ಜನರಿಗೆ ತಿಳಿಸಿದನು. ಸೊರಗಿದ ಆತನ ಚಿತ್ರಗಳನ್ನು ನೋಡಿ ಅಭಿಮಾನಿಗಳು ಮರುಗಿದರು. ೨೦೨೦ರ ‘ಮುಲಾನ್’ ಚಿತ್ರದಲ್ಲಿ ಆತನು ಚಕ್ರವರ್ತಿಯ ಪಾತ್ರವನ್ನು ವಹಿಸಿದನು.

ಹಾಗಾದರೆ ವಿದ್ಯೆಗೆ ಆದುದು ಲಾಭವೋ ನಷ್ಟವೋ? ವರಸೆಯು ಯುದ್ಧಕ್ಕೆ ಹುಟ್ಟಿದ್ದು. ಅದನ್ನು ಅಂಕದ ಪ್ರದರ್ಶನವನ್ನಾಗಿ ಸರಕಾರವು ಮಾಡಿತು. ಅದನ್ನು ಕಥೆಯನ್ನಾಗಿ ತೆರೆಯು ಮಾಡಿತು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಏನೋ ಒಂದು ಸೋರಿಹೋಯಿತೆಂಬುದು ನಿಜ. ಆದರೆ ತೆರೆಗೆ ಬಾರದಿದ್ದರೆ ವಿಹಾರವು ಹಾಳುಬಿದ್ದೇ ಇರುತ್ತಿತ್ತೇನೋ. ದೂರದ ನಾಡುಗಳ ಮಕ್ಕಳಿಗೆ ಆ ವಿದ್ಯೆಯ ಹೆಸರೂ ತಿಳಿಯುತ್ತಿರಲಿಲ್ಲ. ಪಾತ್ರೆಯಿಂದ ಪಾತ್ರೆಗೆ ಸುರಿದ ಹಾಲಿನಲ್ಲಿ ಸ್ವಲ್ಪ ಚೆಲ್ಲುವುದು ಸಹಜ. ಸುರಿಯದೆ ಇಟ್ಟ ಹಾಲು ಒಡೆಯುವುದೂ ಸಹಜ. ಸುರಿಯುವವನ ಕೈ ಶುದ್ಧವಾಗಿರಬೇಕೆಂಬುದಷ್ಟೇ ನಾವು ಕೇಳತಕ್ಕುದು. ಹಸಿದ ಶಿಷ್ಯನ ಮನೆಗೆ ಆಹಾರವನ್ನು ಹೊತ್ತುಕೊಂಡು ಹೋದ ಗುರುವಿನಿಂದ ಆರಂಭವಾಗಿ, ನೊಂದವರ ಊರಿಗೆ ಶಿಷ್ಯನು ಕಳುಹಿಸಿದ ನೆರವಿನವರೆಗೆ ಬಂದಿರುವ ಈ ಚರಿತ್ರೆಯಲ್ಲಿ, ಆ ಕೈ ಬಹುಮಟ್ಟಿಗೆ ಶುದ್ಧವಾಗಿಯೇ ಇದ್ದಿತೆಂದು ನಮಗೆ ತೋರುತ್ತದೆ.